ಹೊಡೆಯದೆ ಒಳಮನೆಯಿಲ್ಲ

೧೪ ಜೂನ್ ೨೦೦೪, ಬಸ್ತಿಹಳ್ಳಿ

ಶಿವಪ್ರಕಾಶ್ ಹಾಳಾಗಿ ಹೋಗಲಿ. ಇದನ್ನು ಮೊದಲು ಬರೆದುಬಿಟ್ಟೆ. ಇನ್ನು ಉಳಿದದ್ದು ಬರೆಯಬಹುದು.

ಬೆಳಿಗ್ಗೆ ಬೇಲೂರಲ್ಲಿ ಬಸ್ಸಿಳಿದು ಅವನ ಕಂಪ್ಯೂಟರ್ ಸೆಂಟರಿಗೆ ಹೋದರೆ ಗೋಡೆ ಮೇಲೆ ಪೇಪರ್ ಕಟಿಂಗು. ಲ್ಯಾಮಿನೇಟ್ ಬೇರೆ ಮಾಡಿಸಿದ್ದಾನೆ. 'ಕಂಪ್ಯೂಟರಿನಲ್ಲಿ ಚೌಕಾಬಾರ: ಬೇಲೂರು ಯುವಕನ ಸಾಧನೆ.' ಹಾಸನದ ಪ್ರದರ್ಶನದಲ್ಲಿ ಹಾರ ಹಾಕಿಸಿಕೊಂಡು ಹಲ್ಲು ಬಿಟ್ಟಿದ್ದಾನೆ. ಬೆನ್ನ ಹಿಂದಿನ ಪರದೆಯಲ್ಲಿರುವುದು ನನ್ನ ಆಟ. ನನ್ನ 'ಕಟ್ಟೆಮನೆ'.

ಸೆಂಟರಲ್ಲಿ ಟ್ಯಾಲಿ ಕಲಿಸುವ ಕೆಲಸಕ್ಕೆ ಸೇರಿದಾಗಿನಿಂದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೂರನೇ ಮಷೀನಿನ ಮುಂದೆ ಕೂತು ಬರೆದದ್ದು ಅದು. ಬಸದಿ ಹತ್ತಿರದ ಕಲ್ಲುಬೆಂಚಿನ ಮೇಲೆ ಯಾವ ಕಾಲದಲ್ಲೋ ಯಾರೋ ಕೊರೆದಿಟ್ಟ ಚೌಕಾಬಾರದ ಮನೆಗಳಿವೆ. ನಮ್ಮಜ್ಜಿ ಗಿಡ್ಡಮ್ಮ ದಿನಾ ಆಡುವುದು ಅಲ್ಲೇ. ಆ ಕಲ್ಲನ್ನೇ ನೋಡಿ ಬಿಡಿಸಿದೆ. ಮೂಲೆ ಚಕ್ಕೆ ಎದ್ದಿರುವುದನ್ನೂ ಬಿಡಲಿಲ್ಲ. ಕವಡೆ ಬೀಳುವ ಸದ್ದಿಗೆ ಅಜ್ಜಿಯ ಕವಡೆಗಳನ್ನೇ ತಂದು ಸೆಂಟರಿನ ನೆಲದ ಮೇಲೆ ಚೆಲ್ಲಿ ರೆಕಾರ್ಡ್ ಮಾಡಿದೆ. ಮೊದಲ ಪರದೆಯಲ್ಲಿ 'ರಚನೆ: ಮಾಲಿನಿ ಜಿ.' ಅಂತ ಇತ್ತು. ಈಗ 'ರಚನೆ: ಶಿವಪ್ರಕಾಶ್ ಎನ್.' ಅಂತ ಇದೆ. ಪರದೆಯ ಮೇಲಿನ ಅಕ್ಷರ ಬದಲಾಯಿಸುವುದು ಹೇಗೆ ಅಂತ ಅವನಿಗೆ ಕಲಿಸಿದವಳೂ ನಾನೇ.

"ಇದರಲ್ಲಿ ನನ್ನ ಹೆಸರೆಲ್ಲಿ ಸಾರ್?" ಅಂದೆ.

"ನೋಡಿ ಮಾಲಿನಿ, ಮಷೀನು ನಂದು, ಕರೆಂಟು ನಂದು. ಇಲ್ಲಿ ಕೂತು ಮಾಡಿದ್ದು ಅಂದ್ಮೇಲೆ ಅದು ಸೆಂಟರ್ದು. ಸೆಂಟರ್ ಅಂದ್ರೆ ಯಾರು ಹೇಳಿ?"

"ಆಟದ ಬಗ್ಗೆ ಯಾರಾದ್ರೂ ಕೇಳಿದ್ರೆ? ನಿಮಗೆ ಆಡೋಕಾದ್ರೂ ಬರುತ್ತಾ?"

"ಅದು ಹೆಂಗಸರ ಆಟ ಕಣ್ರೀ. ನಮ್ಮನೇಲಿ ಅಮ್ಮ, ಚಿಕ್ಕಮ್ಮ ಆಡೋರು. ನಾನು ಆಡಿ ಏನಾಗಬೇಕು? ನಾಲ್ಕು ಜನಕ್ಕೆ ತೋರ್ಸೋದು ಗೊತ್ತಿದ್ರೆ ಸಾಕು."

ಉಂಡೂ ಹೋದ ಕೊಂಡೂ ಹೋದ ಅಂದರೆ ಇದೇ. ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು, ಅವರಿಗೆ ಅರ್ಜಿಯೇ ಆಯುಧ. "ಯಾರಿಗೆ ಬರೀಬೇಕು ಹೇಳು, ಚೆನ್ನಾಗಿ ಬರೆದುಕೊಡ್ತೀನಿ" ಅಂದರು. ಆಮೇಲೆ ಬುದ್ಧನ ಫೋಟೋ ಮುಂದೆ ದೀಪ ಹಚ್ಚಿ, ಯಾವಾಗಲೂ ಹೇಳುವ ಹಾಗೆ "ಎಲ್ಲರಿಗೂ ಒಳ್ಳೇದಾಗಲಿ" ಅಂದರು. ಎಲ್ಲರಿಗೂ ಅಂದರೆ ಶಿವಪ್ರಕಾಶನಿಗೂ ಸೇರಿ. ಚಿಕ್ಕಂದಿನಿಂದ ಜೊತೆಗೆ ಹೇಳುವವಳು ಇವತ್ತು ಹೇಳಲಿಲ್ಲ.

೧೬ ಜೂನ್

ಹಾಳಾಗಿ ಹೋಗಲಿ.

ಕೆಲಸ ಬಿಡಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಬಿಟ್ಟರೆ ಅವನು ಆರಾಮಾಗಿರುತ್ತಾನೆ. ದಿನಾ ಅವನ ಕಣ್ಣೆದುರೇ ಓಡಾಡಬೇಕು. ಮೀನಾಕ್ಷಿ ಹತ್ತಿರ ಮಾತ್ರ ಹೇಳಿದೆ. ಅವಳು ಮದುವೆ ಕಾರ್ಡು, ತಿಥಿ ಕಾರ್ಡುಗಳ ಡಿ.ಟಿ.ಪಿ. ಮಾಡುವವಳು, ನನ್ನ ಪಕ್ಕದ ಮಷೀನು. "ಅವನ ತಿಥಿ ಕಾರ್ಡು ಈಗ್ಲೇ ಮಾಡಿಡ್ಲೇನೇ?" ಅಂದಳು. ಎರಡು ದಿನದಲ್ಲಿ ನಕ್ಕಿದ್ದು ಅದೊಂದೇ ಸಲ.

೨೮ ಜೂನ್

ಹಾಳಾಗಿ ಹೋಗಲಿ. ಆದರೆ ಇನ್ನೊಂದೆರಡು ತಿಂಗಳು ತಡೆದು ಹೋಗಲಿ.

ದೇವರು ಇದ್ದಾನೋ ಇಲ್ಲವೋ, ಅವಕಾಶ ಮಾತ್ರ ತಾನಾಗಿ ನಡೆದುಕೊಂಡು ಬಂದಿದೆ. ಬೆಂಗಳೂರಲ್ಲಿ ಮಕ್ಕಳಿಗಾಗಿ ಸಿ.ಡಿ. ಮಾಡುವ ಕಂಪನಿಯೊಂದು ಪೇಪರ್ ನೋಡಿ ಫೋನ್ ಮಾಡಿದೆಯಂತೆ. ದಿವ್ಯಾ ಅನ್ನುವವರು ಆಗಸ್ಟ್‌ನಲ್ಲಿ ಖುದ್ದಾಗಿ ಬಂದು ಆಟ ನೋಡುತ್ತಾರಂತೆ. ಶಿವಪ್ರಕಾಶ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತ. ಕೂತ ರೀತಿಯಲ್ಲೇ ಗೊತ್ತಾಯಿತು, ಕೆಲಸ ಇದೆ ಅಂತ.

"ಅವರು ಕೇಳಿದ್ರು ರೀ, ಕಂಪ್ಯೂಟರ್ ಎದುರಾಳಿಯಾಗಿ ಚೆನ್ನಾಗಿ ಆಡುತ್ತಾ ಅಂತ. ಈಗ ಅದು ಪೆದ್ದನ ಹಾಗೆ ಆಡುತ್ತೆ ಅಂದ್ರಲ್ಲ ನೀವು. ಸ್ವಲ್ಪ ಬುದ್ಧಿ ಕೊಡೋಕಾಗುತ್ತಾ?"

"ಆಗುತ್ತೆ ಸಾರ್."

ಎಷ್ಟು ಮೆತ್ತಗೆ ಅಂದೆ ಅಂದರೆ ಮೀನಾಕ್ಷಿ ತಿರುಗಿ ನೋಡಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬಂದವರ ಮುಂದೆ, ಅವನ ಕೈಯಿಂದಲೇ, ನನ್ನ ಆಟವೇ ಅವನ ಮಾನ ತೆಗೆಯಬೇಕು. ಹೇಗೆ ಅಂತ ಆಮೇಲೆ ಯೋಚಿಸುತ್ತೇನೆ.

೪ ಜುಲೈ

ಹಾಳಾಗಿ ಹೋಗಲಿ.

ಎದುರಾಳಿಗೆ ಬುದ್ಧಿ ಕೊಡುವ ಬದಲು ಸಿಟ್ಟು ಕೊಟ್ಟಿದ್ದೇನೆ. ಚೌಕಾಬಾರದಲ್ಲಿ ಕಾಯಿ ಮೊದಲು ಹೊರಸುತ್ತು ಮುಗಿಸಬೇಕು, ಆಮೇಲೆ ಒಳಮನೆಗೆ ತಿರುಗಬೇಕು, ಕೊನೆಗೆ ನಡುಮನೆ ಸೇರಿ ಹಣ್ಣಾಗಬೇಕು. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ. ಹೊಡೆಯದವನು ಹೊರಸುತ್ತಲ್ಲೇ ಸುತ್ತುತ್ತಿರಬೇಕು. ಎಂಥ ನ್ಯಾಯವಾದ ಆಟ ಅಂತ ಈಗ ಅರ್ಥವಾಗುತ್ತಿದೆ.

ನನ್ನ ಎದುರಾಳಿ ಹೊಡೆದವನನ್ನು ನೆನಪಿಟ್ಟುಕೊಳ್ಳುತ್ತದೆ. ಅವನು ಯಾವ ಮೂಲೆಗೆ ಹೋದರೂ ಹಿಂದೆಯೇ ಹೋಗುತ್ತದೆ. ಹೊಡೆದು, ಅವನು ಮತ್ತೆ ಹೊರಟರೆ ಮತ್ತೆ ಹೊಡೆಯುತ್ತದೆ. ಬರೆಯುವಾಗ ಕೈ ಬಿಸಿಯಾಗಿತ್ತು. ಇಷ್ಟು ಬೇಗ ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ.

೧೧ ಜುಲೈ, ಭಾನುವಾರ

ಹಾಳಾಗಿ ಹೋಗಲಿ.

ಎದುರಾಳಿಯನ್ನು ಇನ್ನಷ್ಟು ಕ್ರೂರ ಮಾಡಲು ಅಜ್ಜಿಯ ಆಟ ನೋಡಲು ಹೋದೆ. ಊರಿನ ಹೆಂಗಸರಲ್ಲಿ ಅಜ್ಜಿಯನ್ನು ಸೋಲಿಸಿದವರಿಲ್ಲ, ಬಾಯಲ್ಲೂ ಸೈ. ಕಲ್ಲುಬೆಂಚಿನ ಮೇಲೆ ಅಜ್ಜಿ ಒಂದು ಕಡೆ, ಚಲುವಮ್ಮ ಇನ್ನೊಂದು ಕಡೆ. ಕಾಯಿಗಳ ಬದಲು ಹುಣಸೆಬೀಜ, ಬಳೆಚೂರು. ಚಲುವಮ್ಮ ಅಜ್ಜಿಗಿಂತ ಚಿಕ್ಕವರು, ಸೋತರೆ ಮಾತು ಬಿಡುತ್ತಾರೆ, ಮಾರನೆಯ ದಿನ ಅವರೇ ಬಂದು ಕೂರುತ್ತಾರೆ.

ಅಜ್ಜಿ ಒಂದು ಸಲ ಹೊಡೆದರು. ಆಮೇಲೆ ಚಲುವಮ್ಮನ ಕಾಯಿ ಎರಡು ಸಲ ಕೈಗೆ ಸಿಕ್ಕಿತು, ಅಜ್ಜಿ ಹೊಡೆಯಲಿಲ್ಲ. ದಾಟಿಕೊಂಡು ಹೋಗಿಬಿಟ್ಟರು. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಹೊಡೀಬೋದಿತ್ತಲ್ಲ?"

"ಯಾಕವ್ವಾ?"

"ಸಿಕ್ಕಿತ್ತಲ್ಲ."

"ಬಾಗ್ಲು ತೆಗ್ಸಕೆ ಒಂದೇಟು ಬೇಕಾಗಿತ್ತು, ಹೊಡೆದೆ. ಬಾಗ್ಲು ತೆಕ್ಕೊಂಡೈತೆ. ಇನ್ನೂ ಹೊಡ್ಕೊಂಡು ಕುಂತ್ರೆ ನಾನು ಮನೆಗೋಗೋದು ಯಾವಾಗ?"

"ಪಾಪ ಅಂತ ಬಿಡ್ತಾಳೆ ಅನ್ಕೊಬ್ಯಾಡ" ಅಂದರು ಚಲುವಮ್ಮ, "ಗೆಲ್ಲೋ ಆಸೆ ಮುದುಕಿಗೆ."

"ಮತ್ತೆ ಸೋಲಕೆ ಆಡ್ತಾರೇನೇ?" ಅಂದರು ಅಜ್ಜಿ, ಮತ್ತು ಗೆದ್ದರು.

ಅಜ್ಜಿಗೆ ವಯಸ್ಸಾಯಿತು. ಇದರಿಂದ ನನಗೆ ಉಪಯೋಗವಿಲ್ಲ.

೧೯ ಜುಲೈ

ಹಾಳಾಗಿ ಹೋಗಲಿ. ನನ್ನ ಎದುರಾಳಿಯೂ ಹಾಳಾಗಿ ಹೋಗಲಿ.

ಆಡಿದಷ್ಟೂ ಸೋಲುತ್ತಿದೆ. ಹೊಡೆಯುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಆದರೆ ಒಳಮನೆ ಬಾಗಿಲು ತೆರೆದೇ ಇದ್ದರೂ ಹೋಗುವುದಿಲ್ಲ, ಹೊಡೆದವನ ಹಿಂದೆ ಹೊರಸುತ್ತಲ್ಲೇ ಅಲೆಯುತ್ತಿರುತ್ತದೆ. ಅಷ್ಟರಲ್ಲಿ ನಾನು ನನ್ನ ಉಳಿದ ಕಾಯಿಗಳನ್ನೆಲ್ಲ ಹಣ್ಣು ಮಾಡಿಕೊಂಡಿರುತ್ತೇನೆ. ಮೀನಾಕ್ಷಿ ಊಟದ ಡಬ್ಬಿ ಹಿಡಿದುಕೊಂಡೇ ಆಡಲು ಕೂತವಳು ಎದ್ದೇಳಲಿಲ್ಲ. ಬಿದ್ದು ಬಿದ್ದು ನಕ್ಕಳು.

"ಅಯ್ಯೋ, ಇದು ಥೇಟ್ ನಿನ್ನ ಥರಾನೇ ಆಡುತ್ತೆ ಕಣೇ!"

"ನನ್ನ ಥರ ಹೇಗೆ?"

"ಸಿಟ್ಟು ನೋಡು ಇದರದ್ದು. ಬೇಕೂಂತಲೇ ಇದನ್ನ ಕೆಣಕೋಣ ಅನ್ನಿಸುತ್ತೆ. ಕಂಪ್ಯೂಟರ್ ಜೊತೆ ಆಡ್ತಿದೀನಿ ಅಂತ ಅನ್ನಿಸೋದೇ ಇಲ್ಲ."

ಕೋಡ್‌ನಲ್ಲಿ ತಪ್ಪಿದೆ, ಹುಡುಕಬೇಕು. ಆದರೆ ಅವಳು ಕೊನೆಯಲ್ಲಿ ಅಂದ ಮಾತು ಬಸ್ಸಿನಲ್ಲಿ ಬರುವಾಗಲೂ ತಲೆಯಲ್ಲಿತ್ತು. ಕಂಪ್ಯೂಟರ್ ಅನ್ನಿಸುವುದೇ ಇಲ್ಲವಂತೆ.

೨ ಆಗಸ್ಟ್

ಈಗ ನಾಲ್ಕು ಎದುರಾಳಿಗಳು! 'ಗಂಗಯ್ಯ' ಅಂದರೆ ಅಪ್ಪ. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಮಾತ್ರ ಕಾಲಿಡುತ್ತಾರೆ, ಕಟ್ಟೆಯಲ್ಲಿದ್ದರೆ ಯಾರೂ ಹೊಡೆಯುವ ಹಾಗಿಲ್ಲವಲ್ಲ. ಕಚೇರಿಯಲ್ಲಿ ಫೈಲು ಮೇಜಿಂದ ಮೇಜಿಗೆ ಹೋದ ಹಾಗೆ ನಿಧಾನ. 'ಮೀನಾಕ್ಷಿ' ಯೋಚನೆಯನ್ನೇ ಮಾಡುವುದಿಲ್ಲ, ಕೈಗೆ ಬಂದ ಕಾಯಿ ನಡೆಸುತ್ತಾಳೆ, ಅರ್ಧ ಸಲ ಗೆಲ್ಲುತ್ತಾಳೆ, ಅದೇ ಸಿಟ್ಟು ಬರಿಸುತ್ತದೆ. 'ಗಿಡ್ಡಮ್ಮ' ಮಾತ್ರ ಬಗ್ಗುತ್ತಿಲ್ಲ. ಯಾವಾಗ ಹೊಡೆಯಬೇಕು ಅಂತ ಬರೆಯುವುದು ಸುಲಭ, ಯಾವಾಗ ಬಿಡಬೇಕು ಅಂತ ಬರೆಯುವುದು ಕಷ್ಟ. ಅದಕ್ಕಾಗಿ ಮೂರು ಭಾನುವಾರದಿಂದ ಕಲ್ಲುಬೆಂಚಿನ ಪಕ್ಕ ಕೂತಿದ್ದೇನೆ. ಅಜ್ಜಿ ಕವಡೆ ಎಸೆಯುವ ಮೊದಲು ಎದುರಿನವರ ಕಾಯಿ ನೋಡುವುದೇ ಇಲ್ಲ, ತಮ್ಮ ಮನೆ ಎಷ್ಟು ದೂರ ಇದೆ ಅಂತ ನೋಡುತ್ತಾರೆ. ನಿನ್ನೆ ಕಣ್ಣಿಗೆ ಬಿತ್ತು. ಓಡಿ ಬಂದು ಬರೆದುಕೊಂಡೆ.

ನಾಲ್ಕನೆಯದು ಹಳೆಯ ಸಿಟ್ಟಿನದ್ದು. ಮೀನಾಕ್ಷಿ ಹಟ ಹಿಡಿದದ್ದಕ್ಕೆ 'ಮಾಲಿನಿ' ಅಂತಲೇ ಹೆಸರಿಟ್ಟೆ.

ಇದೆಲ್ಲ ನನ್ನ ಸ್ವಂತ ಸಿ.ಡಿ.ಯಲ್ಲಿದೆ. ಸೆಂಟರಿನ ಕಾಪಿಗೆ ಹೆಸರಿಲ್ಲದ ಒಂದು ಎದುರಾಳಿ ಸಾಕು.

ಶಿವಪ್ರಕಾಶ್ ಹಾಳಾಗಿ ಹೋಗಲಿ. ಬರೆಯಲು ಮರೆತೇಹೋಗಿತ್ತು.

೧೭ ಆಗಸ್ಟ್

ನಾಳೆ ದಿವ್ಯಾ ಬರುತ್ತಾರೆ. ಬೆಳಗಿನ ರೈಲಿಗೆ ಅರಸೀಕೆರೆಯಲ್ಲಿ ಇಳಿಯುತ್ತಾರಂತೆ, ಶಿವಪ್ರಕಾಶ ಕಾರು ಮಾಡಿಕೊಂಡು ಹೋಗಿ ಕರೆತರುತ್ತಾನಂತೆ. ಹೊಸ ಶರ್ಟು ಹೊಲಿಸಿದ್ದಾನೆ.

ಗುಂಡಿ ತೋಡಿಯಾಯಿತು. ಅವನ ಕಾಪಿಯಲ್ಲಿ ಯಾರಾದರೂ ಕಂಪ್ಯೂಟರಿನ ಕಾಯಿಯನ್ನು ಮೊದಲ ಸಲ ಹೊಡೆದ ಕೂಡಲೇ ಆಟ ನಿಂತು ಪರದೆ ಕೆಂಪಾಗುತ್ತದೆ. ಅದರ ಮೇಲೆ ದಪ್ಪಕ್ಷರದಲ್ಲಿ: 'ಇದು ಕದ್ದ ಆಟ. ಬರೆದವಳು ಮಾಲಿನಿ. ಕದ್ದವನು ಮೌಸ್ ಹಿಡಿದಿದ್ದಾನೆ.' ಕೊನೆಯ ಸಾಲನ್ನು ಎಷ್ಟು ಸಲ ತಿದ್ದಿದೆನೋ. ಚೌಕಾಬಾರದಲ್ಲಿ ಹೊಡೆಯದೆ ಯಾರು ತಾನೆ ಆಡುತ್ತಾರೆ? ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಕೈಲಾಗದವಳು ಅಂದುಕೊಂಡಿದ್ದನಲ್ಲ. ಮಾಡಿದ್ದುಣ್ಣೋ ಮಹರಾಯ.

೧೮ ಆಗಸ್ಟ್

ಎಲ್ಲ ಆದದ್ದು ಆದ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ದಿವ್ಯಾ ಅವರಿಗೆ ಮೂವತ್ತರ ಆಸುಪಾಸು. ಬಂದವರೇ ಗೋಡೆಯ ಕಟಿಂಗು ಓದಿ, ಮೂರನೇ ಮಷೀನಿನ ಮುಂದೆ ಕೂತರು. ಶಿವಪ್ರಕಾಶ ಪಕ್ಕದಲ್ಲಿ ಮೌಸ್ ಹಿಡಿದ. ನನ್ನನ್ನು ಹಿಂದಿನ ಸಾಲಿನಲ್ಲಿ ಟೈಪಿಂಗ್ ಕಲಿಯುವವರ ಜೊತೆ ಕೂರಿಸಿದ್ದ. ಕವಡೆ ಸದ್ದಿಗೇ ದಿವ್ಯಾ ಮುಖ ಅರಳಿತು. "ಅರಸೀಕೆರೆಯಲ್ಲೇ ನಮ್ಮಜ್ಜಿ ಮನೆ. ರಜಕ್ಕೆ ಬಂದ್ರೆ ಇದೇ ಆಟ ನಮಗೆ. ನೀವು ಆಡಿ, ನಾನು ನೋಡ್ತೀನಿ" ಅಂದರು.

ಆಡತೊಡಗಿದ. ಕಂಪ್ಯೂಟರಿನ ಕಾಯಿ ಅವನ ಮೂಗಿನ ಮುಂದೆಯೇ ಬಂತು, ಕವಡೆಯೂ ಸರಿಯಾಗಿ ಬಿತ್ತು. ಹೊಡಿ, ಅಂದೆ ಮನಸ್ಸಿನಲ್ಲೇ. ಅವನು ಬೇರೆ ಕಾಯಿ ನಡೆಸಿದ. ಮತ್ತೊಂದು ಸಲ ಸಿಕ್ಕಿತು. ಹೊಡಿಯೋ ಮಹಾನುಭಾವ. ಅವನು ಬಳಸಿಕೊಂಡು ಮುಂದೆ ಹೋದ. ಹೊಡೆಯಬೇಕು ಅನ್ನುವುದೇ ಆ ಮನುಷ್ಯನಿಗೆ ಗೊತ್ತಿಲ್ಲ! ಎರಡು ತಿಂಗಳು ಕೂತು ತೋಡಿದ ಗುಂಡಿಯ ಅಂಚಿನಲ್ಲೇ ಓಡಾಡುತ್ತಿದ್ದಾನೆ, ಬೀಳುತ್ತಿಲ್ಲ. ನನಗೆ ಅಳುವೇ ಬಂತು.

ಅವನ ಕಾಯಿ ಹೊರಸುತ್ತು ಮುಗಿಸಿ ಒಳಮನೆ ಬಾಗಿಲಿಗೆ ಬಂತು. ಒಳಗೆ ತಿರುಗಲಿಲ್ಲ, ಮತ್ತೆ ಹೊರಸುತ್ತಿಗೇ ಹೊರಟಿತು. ಅವನು ಒತ್ತಿದ, ಮತ್ತೆ ಒತ್ತಿದ. ಕುತ್ತಿಗೆ ಕೆಂಪಾಯಿತು.

"ಸಾರಿ ಮೇಡಂ, ಇದೊಂದು ಸಣ್ಣ ಬಗ್. ಒಳಗೇ ಹೋಗ್ತಿಲ್ಲ. ನಮ್ಮ ಹುಡುಗಿ ಬರೆದಿರೋದು, ಅವಳೇ ಎಲ್ಲೋ ತಪ್ಪು ಮಾಡಿದಾಳೆ. ಇವತ್ತೇ ಸರಿ ಮಾಡಿಸ್ತೀನಿ."

ದಿವ್ಯಾ ಪರದೆಯಿಂದ ಕಣ್ಣು ತೆಗೆದು ಅವನನ್ನು ನೋಡಿದರು.

"ಬಗ್ ಅಲ್ಲ ಇದು. ಹೊಡೀದೆ ಒಳಗೆ ಹೋಗೋ ಹಾಗಿಲ್ಲ ಅಲ್ವಾ? ಆಡಿದೋರಿಗೆಲ್ಲ ಗೊತ್ತಿರುತ್ತೆ." ಆಮೇಲೆ ಕೇಳಿದರು, "ಯಾವ ಹುಡುಗಿ?"

ಕುಂಬಳಕಾಯಿ ಕಳ್ಳ ಅಂತ ನಾನು ಕೂಗುವ ಮೊದಲೇ ತಾನಾಗಿ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಒಳ್ಳೆಯದೆಲ್ಲ ಅವನದು, ತಪ್ಪು ಮಾತ್ರ ನಮ್ಮ ಹುಡುಗಿಯದು. ಮೀನಾಕ್ಷಿ ಗಲ್ಲ ಎತ್ತಿ ನನ್ನ ಕಡೆ ತೋರಿಸಿದಳು. ನಾನು ಎದ್ದು ನಿಂತೆ.

"ನೀವಾ ಬರೆದಿದ್ದು?"

"ಹೌದು ಮೇಡಂ."

"ಎಷ್ಟು ಭಾಗ?"

"ಎಲ್ಲಾನೂ ನಾನೇ. ಮೊದಲ ಪರದೆಯಲ್ಲಿರೋ ಹೆಸರೊಂದು ಬಿಟ್ಟು."

ಟೈಪಿಂಗ್ ಕಲಿಯುವವರೆಲ್ಲ ನನ್ನ ಕಡೆ ತಿರುಗಿದರು. ಶಿವಪ್ರಕಾಶ ಏನೋ ಹೇಳಲು ಹೋಗಿ, ದಿವ್ಯಾ ಗೋಡೆಯ ಕಟಿಂಗಿನ ಕಡೆ ನೋಡಿದ್ದು ಕಂಡು ಕುರ್ಚಿಯಿಂದ ಎದ್ದ. ಆಮೇಲೆ ದಿವ್ಯಾ ಅವನ ಮುಂದಿದ್ದ ಮೌಸನ್ನು ತಮ್ಮ ಕಡೆ ಎಳೆದುಕೊಂಡು, "ಎಲ್ಲಿ, ನಾನೂ ಒಂದು ಕೈ ಆಡ್ತೀನಿ" ಅಂದರು.

ಆಡಿದರೆ ಹೊಡೆಯುತ್ತಾರೆ. ಹೊಡೆದರೆ ಪರದೆ ಕೆಂಪಾಗುತ್ತದೆ. ಎರಡು ತಿಂಗಳಿಂದ ನಾನು ಕಾದದ್ದು ಅದಕ್ಕೇ. ಅವನು ಅಲ್ಲೇ ನಿಂತಿದ್ದ, ಹೊಸ ಶರ್ಟಿನ ಕಂಕುಳು ಒದ್ದೆಯಾಗಿತ್ತು. ದಿವ್ಯಾ ಕವಡೆ ಎಸೆದರು.

"ಒಂದ್ನಿಮಿಷ ಮೇಡಂ" ಅಂದೆ. "ಇದು ಹಳೇ ಕಾಪಿ. ಹೊಸದು ನನ್ನ ಹತ್ರ ಇದೆ."

ಬ್ಯಾಗಿನಿಂದ ನನ್ನ ಸಿ.ಡಿ. ತೆಗೆದು ಹಾಕಿದೆ. ದಿವ್ಯಾ 'ಗಿಡ್ಡಮ್ಮ'ನ ಜೊತೆ ಆಡಿ ಸೋತರು, ಇನ್ನೊಂದು ಕೈ ಆಡಿ ಮತ್ತೆ ಸೋತರು. "ನಮ್ಮಜ್ಜೀನೂ ಹೀಗೇ" ಅಂದರು. ಊಟಕ್ಕೆ ಕರೆದರೂ ಏಳಲಿಲ್ಲ. ಸಿ.ಡಿ. ನನ್ನ ಹೆಸರಲ್ಲೇ ಬರುತ್ತದೆ. ಹೋಗುವಾಗ ಮಾತು ಕೊಟ್ಟಿದ್ದಾರೆ.

ಹಳೇ ಕಾಪಿ ತೆಗೆದದ್ದು ಯಾಕೆ ಅಂದರೆ, ಬಂದವರು ಮೊದಲ ಸಲ ನೋಡುವಾಗ ನನ್ನ ಆಟ ಬೈಗುಳ ಉಗುಳುವುದು ಚೆನ್ನಾಗಿರುವುದಿಲ್ಲ. ಅಷ್ಟೇ ಕಾರಣ. ಮೀನಾಕ್ಷಿ ಏನೇನೋ ಅರ್ಥ ಮಾಡಿಕೊಂಡು ನನ್ನ ಬೆನ್ನು ತಟ್ಟಿದಳು. ಅವಳಿಗೆ ಎಲ್ಲಕ್ಕೂ ಕಣ್ಣಲ್ಲಿ ನೀರು ಬರುತ್ತದೆ.

ಕದ್ದವನು ಮೌಸ್ ಹಿಡಿದಿದ್ದಾನೆ. ಎಷ್ಟು ಒಳ್ಳೆಯ ಸಾಲು. ಯಾರೂ ಓದಲೇ ಇಲ್ಲ.

೩ ಸೆಪ್ಟೆಂಬರ್

ಗೋಡೆಯ ಕಟಿಂಗು ಹೋಗಿದೆ. ಅಂಟಿಸಿದ್ದ ಟೇಪಿನ ಚೂರುಗಳು ಮಾತ್ರ ಮೂಲೆಗಳಲ್ಲಿ ಉಳಿದಿವೆ. ದಿನಾ ಬಂದು ಅದನ್ನೇ ನೋಡುತ್ತೇನೆ, ಹೊಟ್ಟೆ ತಣ್ಣಗಾಗುತ್ತದೆ.

ಶಿವಪ್ರಕಾಶ ಬಾಗಿಲಲ್ಲೇ ನಿಂತು, "ಮೂರನೇ ಮಷೀನು ನೀವೇ ಇಟ್ಕೊಳ್ಳಿ, ಬೇರೆಯವರಿಗೆ ಕೊಡಲ್ಲ" ಅಂದ. ನನಗೆ ಬೇರೆ ಮಷೀನಿಲ್ಲ, ಹಾಗಾಗಿ ಹೂಂ ಅಂದೆ. ಹೋಗದೆ ನಿಂತೇ ಇದ್ದ. ಆಮೇಲೆ ಬೀದಿಯ ಕಡೆ ನೋಡುತ್ತ ಹೇಳಿದ, "ಮನೇಲೂ ಆ ಕಟಿಂಗು ಒಂದು ಹಾಕಿದೀವಿ ರೀ. ತೆಂಗಿನಕಾಯಿ ವ್ಯಾಪಾರಕ್ಕೆ ಬಂದೋರಿಗೆಲ್ಲ ಅಪ್ಪ ಅದನ್ನ ತೋರಿಸ್ತಾರೆ. ನನ್ನ ಬಗ್ಗೆ ಹಂಗೆಲ್ಲ ಹೇಳ್ಕೊಂಡೋರಲ್ಲ ಅವರು. ತೆಗಿ ಅಂತ ಹೆಂಗೆ ಹೇಳ್ಲಿ?"

ನಿಮ್ಮ ಗೋಡೆ, ನಿಮ್ಮ ಹಣೆಬರಹ ಅನ್ನಬೇಕಾಗಿತ್ತು. ಬಾಯಿಗೆ ಬರಲಿಲ್ಲ. ನಿನ್ನೆಯಿಂದ ಗಂಟಲು ಸರಿಯಿಲ್ಲ.

೧೩ ಸೆಪ್ಟೆಂಬರ್

ಇನ್ನೊಂದು ಎದುರಾಳಿ ಇದ್ದರೆ ಚೆನ್ನ ಅಂತ ದಿವ್ಯಾ ಫೋನ್ ಮಾಡಿದ್ದರು. ಯಾರು ಅಂತ ಯೋಚಿಸುವುದೇ ಬೇಕಾಗಲಿಲ್ಲ. 'ಪ್ರಕಾಶಪ್ಪ'. ಹೊಸ ಶರ್ಟು ಹಾಕಿಕೊಂಡಿದ್ದಾನೆ, ಗೆದ್ದವನ ಹಾಗೆ ನಗುತ್ತಾನೆ, ಹೊಡೆಯುವುದು ಗೊತ್ತೇ ಇಲ್ಲ. ಅಕಸ್ಮಾತ್ ಕಾಯಿ ನೇರ ಕಾಲಿಗೆ ಸಿಕ್ಕರೆ ಮಾತ್ರ ಹೊಡೆತ ಬೀಳುತ್ತದೆ. ಇಲ್ಲದಿದ್ದರೆ ಒಳಮನೆ ಬಾಗಿಲವರೆಗೆ ಬಂದು ಬಂದು ಹೊರಸುತ್ತಿಗೇ ಹೋಗುತ್ತಾನೆ. ಊರೂರಿನ ಮಕ್ಕಳು ಇವನನ್ನು ಸೋಲಿಸಲಿ, ವರ್ಷಗಟ್ಟಲೆ ಸೋಲಿಸಲಿ. ಕೆಂಪು ಪರದೆಗಿಂತ ಇದೇ ವಾಸಿ.

ಪರೀಕ್ಷೆಗೆ ಅಂತ 'ಮಾಲಿನಿ'ಯನ್ನೂ 'ಪ್ರಕಾಶಪ್ಪ'ನನ್ನೂ ಎದುರುಬದುರು ಆಡಲು ಬಿಟ್ಟೆ. ಅವಳಿಗೆ ಅವನ ಮೇಲೆ ಆಟದ ಶುರುವಿನಿಂದಲೇ ಸಿಟ್ಟು ಅಂತ ಬರೆದೆ. ಊಟಕ್ಕೆ ಹೋಗಿ ಬಂದರೂ ಆಟ ಮುಗಿದಿರಲಿಲ್ಲ. ಅವನು ಹೊರಡುವುದು, ಅವಳು ಅಟ್ಟಿಸಿಕೊಂಡು ಹೋಗಿ ಹೊಡೆಯುವುದು, ಅವನು ಮತ್ತೆ ಹೊರಡುವುದು. ಒಳಮನೆ ಖಾಲಿ ಬಿದ್ದಿತ್ತು. "ಇಬ್ಬರೂ ಬೀದೀಲೇ ಇದಾರಲ್ಲೇ" ಅಂದಳು ಮೀನಾಕ್ಷಿ. ಮುಗಿಯದ ಆಟ ಯಾರಿಗೂ ಬೇಡ. ಒಂದು ಸಲ ಹೊಡೆದ ಮೇಲೆ 'ಮಾಲಿನಿ' ಮನೆಗೆ ಹೋಗಬೇಕು ಅಂತ ಒಂದು ಸಾಲು ಸೇರಿಸಿದೆ. ಈಗ ಗೆಲ್ಲುತ್ತಾಳೆ. ಜುಲೈಯಿಂದ ಹುಡುಕುತ್ತಿದ್ದ ತಪ್ಪು ಇಷ್ಟೇ ಆಗಿತ್ತು.

ಸಂಜೆ ಅಪ್ಪ ಎಲ್ಲರಿಗೂ ಒಳ್ಳೇದಾಗಲಿ ಅಂದಾಗ ನನ್ನ ಬಾಯಿಂದಲೂ ಬಂತು. ಚಿಕ್ಕಂದಿನ ಅಭ್ಯಾಸ, ಹೋಗುವುದಿಲ್ಲ.

೨೦ ಸೆಪ್ಟೆಂಬರ್

ನಾಳೆ ಸಿ.ಡಿ. ಕಳಿಸಬೇಕು. ಕೊನೆಯ ಸಲ ಎಲ್ಲರ ಜೊತೆ ಒಂದೊಂದು ಕೈ ಆಡಿದೆ.

'ಪ್ರಕಾಶಪ್ಪ' ಎಂದಿನಂತೆ ಸುತ್ತುತ್ತಿದ್ದ. ನನ್ನ ಎರಡು ಕಾಯಿ ಹಣ್ಣಾಗಿದ್ದವು, ಮೂರನೆಯದು ಒಳಮನೆಯಲ್ಲಿತ್ತು, ಒಂದು ಮಾತ್ರ ಹೊರಗಿತ್ತು. ಅದು ಕಟ್ಟೆಯಲ್ಲಿ ಕ್ಷೇಮವಾಗಿತ್ತು, ಒಳಮನೆ ಎರಡೇ ಹೆಜ್ಜೆ. ಅವನು ಮತ್ತೆ ಬಾಗಿಲವರೆಗೆ ಬಂದು, ನಗುತ್ತಾ, ಮತ್ತೆ ಬೀದಿಗೆ ಹೊರಟ. ಸುತ್ತು ಹಾಕಿ ಮತ್ತೆ ನನ್ನ ಹಿಂದೆ ಬಂದ. ನನ್ನ ಸರದಿಗೆ ಕವಡೆಯಲ್ಲಿ ಒಂದು ಬಿತ್ತು. ಒಳಗಿನ ಕಾಯಿ ನಡೆಸಬಹುದಿತ್ತು, ನಾನು ಹೊರಗಿನದನ್ನು ಕಟ್ಟೆಯಿಂದ ಇಳಿಸಿ ಅವನ ಕಾಲಿಗೆ ಸಿಗುವ ಹಾಗೆ ಇಟ್ಟೆ.

ಹೊಡೆದ. ಬಾಗಿಲು ತೆರೆಯಿತು. ಒಳಗೆ ಹೋದ.

ಹಾಗೆ ಇಟ್ಟದ್ದು ಬಗ್ ಇದೆಯಾ ಅಂತ ನೋಡಲು ಅಷ್ಟೇ. ಬಗ್ ಇಲ್ಲ.